ನ್ಯೂಕ್ಯಾಸಲ್ ಮಾರಾಟ ಒಂದೂವರೆ ವರ್ಷ ನಿಂತಿದ್ದು ಕಳ್ಳ ಟಿವಿ ಬಾಕ್ಸ್‌ನಿಂದಲಾ?

ಸಂಜೆ_ಕಾಫಿ · ಶುಕ್ರವಾರ ರಾತ್ರಿ 10:12

ಒಂದು ವಾದ ಬಗೆಹರಿಸಿಕೊಡಿ. ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವನು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ನ್ಯೂಕ್ಯಾಸಲ್ ಯುನೈಟೆಡ್ ಅಭಿಮಾನಿ. 2025ರ ಮಾರ್ಚ್‌ನಲ್ಲಿ ಲಿವರ್‌ಪೂಲನ್ನು 2-1ರಲ್ಲಿ ಸೋಲಿಸಿ ಲೀಗ್ ಕಪ್ ಗೆದ್ದಾಗಿನಿಂದ ಅವನ ಕಾಲು ನೆಲದ ಮೇಲಿಲ್ಲ. 1955ರ ಎಫ್‌ಎ ಕಪ್ ಆದಮೇಲೆ ಇಂಗ್ಲೆಂಡಿನಲ್ಲಿ ಅವರು ಗೆದ್ದ ಮೊದಲ ದೊಡ್ಡ ಕಪ್ ಅದು. ಸರಿ, ಖುಷಿ ಪಡಲಿ ಬಿಡಿ.

ನಾನು ಸುಮ್ನೆ ಇರದೆ "ಎಲ್ಲಾ ಸೌದಿ ದುಡ್ಡು" ಅಂದೆ. ಅವನು "ಆ ದುಡ್ಡು ಬರೋಕೆ ಎಷ್ಟು ಪರದಾಡಿದ್ವಿ ಗೊತ್ತಾ? ಒಂದು ಕಳ್ಳ ಟಿವಿ ಬಾಕ್ಸ್ ಇಡೀ ವ್ಯವಹಾರಾನ ನಿಲ್ಲಿಸಿತ್ತು" ಅಂದ. ನನಗೆ ನೆನಪಿರುವುದು ಬೇರೆ. ಇಸ್ತಾಂಬುಲ್‌ನಲ್ಲಿ ಸೌದಿ ದೂತಾವಾಸದೊಳಗೆ ಪತ್ರಕರ್ತ ಖಶೋಗಿಯ ಕೊಲೆ, ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿಯವರ ವಿರೋಧ, ಅದಕ್ಕೇ ತಡೆ ಬಿತ್ತು ಅಂದುಕೊಂಡಿದ್ದೆ. ಯಾರದು ಸರಿ?

ಮೂಲೆಮನೆ · 10:20

ಇಬ್ಬರದೂ ತಪ್ಪು. ಕೊರೊನಾ.

ಕಾನೂನು_ಕಡತ · 10:58

ಕಾಫಿಯವರೇ, ನಿಮ್ಮ ಪಕ್ಕದ ಸೀಟಿನವರಿಗೆ ಒಂದು ಕಾಫಿ ಕೊಡಿಸಿ. ಮುಕ್ಕಾಲು ಪಾಲು ಅವರದೇ ಸರಿ.

ಕಥೆ ಹೀಗಿದೆ. ಮೈಕ್ ಆಶ್ಲಿ ಅನ್ನುವ ಬ್ರಿಟಿಷ್ ವ್ಯಾಪಾರಿ 2007ರಿಂದ ಕ್ಲಬ್ಬಿನ ಮಾಲೀಕರಾಗಿದ್ದರು. 2020ರ ಏಪ್ರಿಲ್‌ನಲ್ಲಿ ಸುಮಾರು 30 ಕೋಟಿ ಪೌಂಡಿಗೆ ಕ್ಲಬ್ ಮಾರುವ ಮಾತಾಯಿತು. ಕೊಳ್ಳುವವರು ಮೂರು ಪಾಲುದಾರರು. ಸೌದಿಯ ಸಾರ್ವಜನಿಕ ಹೂಡಿಕೆ ನಿಧಿ, ಅಂದರೆ ಪಿಐಎಫ್, ಶೇ. 80. ಅಮಾಂಡಾ ಸ್ಟೇವ್ಲಿಯವರ ಕಂಪನಿಗೆ 10, ರೂಬೆನ್ ಸಹೋದರರಿಗೆ 10. ಪಿಐಎಫ್‌ನ ಅಧ್ಯಕ್ಷರು ಯಾರು ಅಂತ ಎಲ್ಲರಿಗೂ ಗೊತ್ತು, ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್.

ಇಂಗ್ಲೆಂಡಿನಲ್ಲಿ ಕ್ಲಬ್ ಕೊಳ್ಳಲು ದುಡ್ಡಿದ್ದರೆ ಸಾಲದು. ಅಲ್ಲಿನ ಅತಿ ಮೇಲಿನ ಡಿವಿಷನ್ ಆದ ಪ್ರೀಮಿಯರ್ ಲೀಗ್‌ನವರು ಮಾಲೀಕರಿಗೂ ನಿರ್ದೇಶಕರಿಗೂ ಒಂದು ಪರೀಕ್ಷೆ ಇಟ್ಟಿದ್ದಾರೆ. ಬೇರೆ ದೇಶದಲ್ಲಿ ಮಾಡಿದ ಕೆಲಸವಾದರೂ, ಅದು ಬ್ರಿಟನ್ನಿನಲ್ಲಿ ಅಪರಾಧ ಅನ್ನಿಸಿಕೊಳ್ಳುವಂಥದ್ದಾದರೆ ನಿಮ್ಮನ್ನು ಹೊರಗಿಡಬಹುದು. ಟಿವಿ ಪ್ರಸಾರ ಕದಿಯುವುದು ಅಲ್ಲಿ ಅಪರಾಧ. ಸೌದಿಯಲ್ಲಿ ಮಾರುತ್ತಿದ್ದ ಆ ಬಾಕ್ಸ್ ಕದ್ದಿದ್ದು ಯಾರ ಪ್ರಸಾರ? ಅದೇ ಪ್ರೀಮಿಯರ್ ಲೀಗ್‌ನ ಪಂದ್ಯಗಳು! ಪರೀಕ್ಷೆ ಮಾಡುವವರ ಜೇಬಿಗೇ ಕತ್ತರಿ ಬಿದ್ದಿತ್ತು.

ಆ ಹೊತ್ತಿಗೆ ಗಲ್ಫ್ ಮತ್ತು ಉತ್ತರ ಆಫ್ರಿಕಾದ ಪ್ರಸಾರ ಹಕ್ಕು ಕತಾರ್‌ನ ಬಿಇನ್ ಸ್ಪೋರ್ಟ್ಸ್ ಹತ್ತಿರ ಇತ್ತು. ಮೂರು ವರ್ಷಕ್ಕೆ ಸುಮಾರು 50 ಕೋಟಿ ಡಾಲರ್. ಲೀಗ್‌ಗೆ ಹೊರದೇಶದಿಂದ ಬರುವ ದುಡ್ಡಿನಲ್ಲಿ ಇದು ದೊಡ್ಡ ಗಂಟು, ಅದು ಇಪ್ಪತ್ತೂ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ, ನ್ಯೂಕ್ಯಾಸಲ್‌ಗೂ ಸೇರಿ. ಬಿಇನ್ ಮುಖ್ಯಸ್ಥರು ಆ ಏಪ್ರಿಲ್‌ನಲ್ಲೇ ಕ್ಲಬ್‌ಗಳಿಗೆಲ್ಲ ಪತ್ರ ಬರೆದರು. ಮಾರಾಟಕ್ಕೆ ಒಪ್ಪಿಗೆ ಕೊಡುವ ಮುಂಚೆ ಚೆನ್ನಾಗಿ ವಿಚಾರಿಸಿ ಅಂತ.

ಸಂಜೆ_ಕಾಫಿ · 11:05

ಅಂದರೆ ಮನೆ ಕೊಳ್ಳಲು ಬಂದವರೇ ಆ ಮನೆಯ ನೀರಿನ ಪೈಪಿಗೆ ತೂತು ಕೊರೆದಿದ್ದರು ಅನ್ನಿ.

ಕಾನೂನು_ಕಡತ · 11:09

ಕೊರೆದವರು ಅವರೇ ಅಂತ ಯಾವತ್ತೂ ಒಪ್ಪಲಿಲ್ಲ. ಪೂರ್ತಿ ಜಗಳ ಅದರದ್ದೇ.

ಪಡುಬಿದ್ರಿ_ಗಾಳಿ · 11:47

ಈ ಬಾಕ್ಸ್ ನಮ್ಮ ರೂಮಿನಲ್ಲಿತ್ತು ಮಾರಾಯ್ರೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

2015ರಿಂದ 2019ರ ಕೊನೆವರೆಗೆ ನಾನು ಸೌದಿಯ ಜುಬೈಲ್‌ನಲ್ಲಿದ್ದೆ. ಒಂದು ರೂಮಿನಲ್ಲಿ ನಾಲ್ಕು ಜನ: ಇಬ್ಬರು ಉಡುಪಿ ಕಡೆಯವರು, ಒಬ್ಬ ಭಟ್ಕಳದವ, ಒಬ್ಬ ಮಲಪ್ಪುರಂನವ. ಮಲಪ್ಪುರಂನವನಿಗೆ ಫುಟ್‌ಬಾಲ್ ಅಂದರೆ ಊಟ ಬೇಡ. ಮೊದಲು ನಮ್ಮಲ್ಲಿ ಬಿಇನ್ ಕಾರ್ಡ್ ಇತ್ತು. 2017ರ ಜೂನ್‌ನಲ್ಲಿ ಸೌದಿ, ಎಮಿರೇಟ್ಸ್, ಬಹ್ರೇನ್, ಈಜಿಪ್ಟ್ ಸೇರಿ ಕತಾರ್‌ಗೆ ದಿಗ್ಬಂಧನ ಹಾಕಿದವಲ್ಲ, ಆಮೇಲೆ ಕತಾರ್‌ನದ್ದು ಅಂದರೆ ಎಲ್ಲದಕ್ಕೂ ಕಷ್ಟ. ಕಾರ್ಡ್ ರಿಚಾರ್ಜ್ ಆಗಲಿಲ್ಲ.

ಎರಡು ಮೂರು ತಿಂಗಳಿಗೆ ಅಂಗಡಿಗಳಲ್ಲಿ ಹೊಸ ಬಾಕ್ಸ್ ಬಂತು. ಬಿಔಟ್‌ಕ್ಯೂ. ಹೆಸರಲ್ಲೇ ಕೀಟಲೆ ನೋಡಿ. "ಇನ್" ತೆಗೆದು "ಔಟ್" ಹಾಕಿದರು, ಕೊನೆಗೆ ಕತಾರ್‌ನ "ಕ್ಯೂ" ಅಂಟಿಸಿದರು. ನಾವು ನಾಲ್ವರೂ ನೂರು ನೂರು ರಿಯಾಲ್ ಹಾಕಿದೆವು. ಮೇಜಿನ ಕೆಳಗಿಂದ ತೆಗೆದು ಕಾಗದ ಸುತ್ತಿ ಕೊಟ್ಟಿದ್ದು ಅಂದುಕೊಳ್ಳಬೇಡಿ. ರಟ್ಟಿನ ಡಬ್ಬಿ, ರಿಮೋಟ್, ಬ್ಯಾಟರಿ, ಎಲ್ಲಾ ಸರಿಯಾಗಿ. ನಮಗೆ ಅದು ಕಳ್ಳಮಾಲು ಅಂತ ಅನ್ನಿಸಲೇ ಇಲ್ಲ.

ಚಾನೆಲ್ ಹಾಕಿದರೆ ಬಿಇನ್‌ನದೇ ಚಿತ್ರ, ಬಿಇನ್‌ನದೇ ಕಾಮೆಂಟರಿ. ಅವರ ಲೋಗೋ ಇರುವ ಮೂಲೆಯಲ್ಲಿ ಇವರ ಲೋಗೋ ಒಂದು ಪಟ್ಟಿ ತರ ಕೂತಿರುತ್ತಿತ್ತು. ಕೆಲವು ಸೆಕೆಂಡ್ ತಡ. ದೋಹಾದಲ್ಲಿದ್ದ ನನ್ನ ಭಾವ ಫೋನಿನಲ್ಲಿ ಇರುವಾಗ "ಗೋಲ್!" ಅಂತ ಕೂಗಿದ ಮೇಲೆ ನಮ್ಮಲ್ಲಿ ಚೆಂಡು ಇನ್ನೂ ಮಧ್ಯದಲ್ಲಿ ಇರುತ್ತಿತ್ತು. ಆಮೇಲೆ ಆಟ ಇದ್ದಾಗ ಭಾವನ ಫೋನ್ ತೆಗೆಯುವುದನ್ನೇ ಬಿಟ್ಟೆವು.

2018ರ ವಿಶ್ವಕಪ್ಪಿನ ಮೊದಲ ಪಂದ್ಯ ರಷ್ಯಾಕ್ಕೂ ಸೌದಿಗೂ. ಜೂನ್ 14, ರಂಜಾನಿನ ಕೊನೆಯ ಉಪವಾಸ, ಮರುದಿನ ಈದ್. ಆಟ ಶುರುವಾಗಿದ್ದು ಸಂಜೆ ಆರಕ್ಕೆ. ರೂಮಿನಲ್ಲಿ ಖರ್ಜೂರ, ಸಮೋಸ, ನೀರು ಹರಡಿಕೊಂಡು ಕೂತಿದ್ದೇವೆ. ಬಾಂಗ್ ಕೇಳುವ ಹೊತ್ತಿಗೆ ಸೌದಿ ಒಂದು ಗೋಲು ಹಿಂದೆ. ಭಟ್ಕಳದವ ನಮಾಜ್ ಮುಗಿಸಿ ಬರುವಾಗ ಎರಡು. ಕೊನೆಗೆ ಐದು ಸೊನ್ನೆ. ಪಕ್ಕದ ಕಟ್ಟಡದಿಂದ ಒಂದು ಸದ್ದಿಲ್ಲ. ಇಡೀ ಸೌದಿ ಆವತ್ತು ತನ್ನ ಸೋಲನ್ನೂ ಕದ್ದ ಪ್ರಸಾರದಲ್ಲೇ ನೋಡಿತು ಅಂತ ಈಗ ಅನ್ನಿಸುತ್ತದೆ.

ಮೂಲೆಮನೆ · 11:52

ಭಾವ ಮೊದಲೇ ಗೋಲು ಹೇಳಿಬಿಡುವ ಕಷ್ಟ ನಮಗೂ ಇದೆ. ಅವರ ಮನೆಯಲ್ಲಿ ಕೇಬಲ್, ನಮ್ಮಲ್ಲಿ ಮೊಬೈಲ್ ಆ್ಯಪ್.

ಗೋಲಿಲ್ಲದ_ಆಟ · ಶನಿವಾರ ಬೆಳಿಗ್ಗೆ 7:31

ಓದಲು ಚೆನ್ನಾಗಿದೆ. ಆದರೆ ಕತಾರ್‌ನವರನ್ನು ಪಾಪದವರು ಅಂತ ತೋರಿಸಬೇಡಿ. ಬಿಇನ್ ಅಧ್ಯಕ್ಷರೇ ಪ್ಯಾರಿಸ್ ಸೇಂಟ್ ಜರ್ಮೇನ್ ಕ್ಲಬ್ಬಿನ ಅಧ್ಯಕ್ಷರು. ಆ ಕ್ಲಬ್ ಕತಾರ್ ದುಡ್ಡಿನದು. ಮ್ಯಾಂಚೆಸ್ಟರ್ ಸಿಟಿ 2008ರಿಂದ ಅಬುಧಾಬಿಯವರ ಕೈಯಲ್ಲಿದೆ, ಆಗ ಯಾರೂ ಇಷ್ಟು ಕೆದಕಲಿಲ್ಲ. ಇದು ಎರಡು ಶ್ರೀಮಂತ ಮನೆತನಗಳ ಬೇಲಿ ಜಗಳ. ನಡುವೆ ಸಿಕ್ಕಿಬಿದ್ದಿದ್ದು ಇಂಗ್ಲೆಂಡಿನ ಒಂದು ಊರು.

ಇನ್ನೊಂದು. ಬಾಕ್ಸ್ ಮಾರಿದ್ದು ಯಾರೋ ವ್ಯಾಪಾರಿಗಳು. ಅದಕ್ಕೆ ಸರ್ಕಾರ ಹೇಗೆ ಹೊಣೆ? ನಮ್ಮ ಬೀದಿಯಲ್ಲಿ ಹೊಸ ಸಿನಿಮಾದ ಕಳ್ಳ ಸಿಡಿ ಮಾರುತ್ತಿದ್ದ ಕಾಲದಲ್ಲಿ ವಿಧಾನಸೌಧಕ್ಕೆ ನೋಟಿಸ್ ಕೊಟ್ಟಿದ್ದರಾ?

ಕಾನೂನು_ಕಡತ · 9:14

ಒಳ್ಳೆ ಪ್ರಶ್ನೆ. ಆದರೆ ಸಿಡಿ ಮಾರುವವನ ಹತ್ತಿರ ಉಪಗ್ರಹ ಇರಲಿಲ್ಲ.

ಬಿಔಟ್‌ಕ್ಯೂಗೆ ಹತ್ತು ಚಾನೆಲ್ ಇದ್ದವು, ದಿನವಿಡೀ ಆಕಾಶದಿಂದ ಬರುತ್ತಿದ್ದವು. ಸಿಸ್ಕೋ, ನಾಗ್ರಾ, ಓವರಾನ್ ಅನ್ನುವ ಮೂರು ಕಂಪನಿಗಳು ಪರೀಕ್ಷೆ ಮಾಡಿ, ಸಿಗ್ನಲ್ ಬರುತ್ತಿರುವುದು ಅರಬ್‌ಸ್ಯಾಟ್ ಉಪಗ್ರಹದಿಂದ ಅಂದವು. ಅರಬ್‌ಸ್ಯಾಟ್ ಕಚೇರಿ ಇರುವುದು ರಿಯಾದ್‌ನಲ್ಲಿ, ಅದರಲ್ಲಿ ಅತಿ ದೊಡ್ಡ ಪಾಲು ಸೌದಿಯದು. ಅರಬ್‌ಸ್ಯಾಟ್ ಅಲ್ಲಗಳೆಯಿತು. ಬಿಔಟ್‌ಕ್ಯೂನವರಂತೂ ನಾವು ಕ್ಯೂಬಾ ಮತ್ತು ಕೊಲಂಬಿಯಾದವರು ಅಂತ ಹೇಳಿಕೊಂಡಿದ್ದರು. ಅರಬ್ಬೀ ಜಾಹೀರಾತು ಹಾಕಿ, ರಿಯಾಲ್‌ನಲ್ಲಿ ಬಾಕ್ಸ್ ಮಾರುವ ಕ್ಯೂಬಾದವರು! 2019ರಲ್ಲಿ ಫಿಫಾ, ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ, ಪ್ರೀಮಿಯರ್ ಲೀಗ್ ಎಲ್ಲಾ ಸೇರಿ ಇನ್ನೊಂದು ತನಿಖೆ ಮಾಡಿಸಿದವು. ಅದೂ ಅರಬ್‌ಸ್ಯಾಟ್ ಕಡೆಗೇ ಬೆರಳು ತೋರಿಸಿತು.

ನಿಮ್ಮ ಪ್ರಶ್ನೆಗೆ ನೇರ ಉತ್ತರ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಸಿಕ್ಕಿತು. ಕತಾರ್ 2018ರ ಅಕ್ಟೋಬರ್‌ನಲ್ಲಿ ದೂರು ಕೊಟ್ಟಿತ್ತು. 2020ರ ಜೂನ್ 16ಕ್ಕೆ ತೀರ್ಪು ಬಂತು. ದಿನಾಂಕ ಗಮನಿಸಿ, ನ್ಯೂಕ್ಯಾಸಲ್ ಕಡತ ಲೀಗ್‌ನ ಮೇಜಿನ ಮೇಲೆ ಇರುವಾಗಲೇ. ಸರ್ಕಾರವೇ ಕದ್ದಿತು ಅಂತ ತೀರ್ಪು ಹೇಳಲಿಲ್ಲ. ಕದಿಯುವವರ ಮೇಲೆ ಕ್ರಿಮಿನಲ್ ಕ್ರಮ ತೆಗೆದುಕೊಳ್ಳುವುದು ಸೌದಿಯ ಕರ್ತವ್ಯವಾಗಿತ್ತು, ತೆಗೆದುಕೊಳ್ಳಲಿಲ್ಲ ಅಂದಿತು. ಬಿಇನ್‌ಗೆ ಸೌದಿಯಲ್ಲಿ ವಕೀಲರು ಸಿಗದ ಹಾಗೆ ಆಗಿತ್ತು, ವಿಶ್ವಕಪ್ ಪಂದ್ಯಗಳ ಕದ್ದ ಪ್ರಸಾರವನ್ನು ಸಾರ್ವಜನಿಕವಾಗಿ ತೋರಿಸಿದ್ದರು, ಇವೂ ಅದರಲ್ಲಿ ಬಂದವು. ಇಲ್ಲಿ ಸೌದಿಗೂ ಒಂದು ಗೆಲುವು ಸಿಕ್ಕಿತು. ದೇಶದ ಭದ್ರತೆಗೆ ಅಂತ ಕತಾರ್ ಜೊತೆ ಸಂಬಂಧ ಕಡಿದುಕೊಂಡಿದ್ದು ತಪ್ಪಲ್ಲ ಅಂದರು. ಆದರೆ ಕಳ್ಳ ಪ್ರಸಾರದವರನ್ನು ಬಿಟ್ಟುಬಿಡುವುದಕ್ಕೂ ಭದ್ರತೆಗೂ ಏನು ಸಂಬಂಧ ಅಂತ ಕೇಳಿದರು. ಎರಡೂ ಕಡೆಯವರು "ನಾವೇ ಗೆದ್ದೆವು" ಅಂತ ಹೇಳಿಕೆ ಕೊಟ್ಟಿದ್ದು ಅದಕ್ಕೇ.

ಪ್ರೀಮಿಯರ್ ಲೀಗ್‌ನವರೂ ಸೌದಿಯಲ್ಲಿ ಕೇಸು ಹಾಕಲು ಹೋಗಿ ಸೋತಿದ್ದರು. ಒಂಬತ್ತು ವಕೀಲ ಸಂಸ್ಥೆಗಳು ಕೇಸು ಹಿಡಿಯಲಿಲ್ಲವಂತೆ. ನಾನು ಇಪ್ಪತ್ತು ವರ್ಷದಿಂದ ಕೋರ್ಟಿಗೆ ಹೋಗುತ್ತಿದ್ದೇನೆ. ಫೀಸು ಕೊಡುವ ಕಕ್ಷಿದಾರನನ್ನು ಸಾಲಾಗಿ ಒಂಬತ್ತು ಜನ ಬೇಡ ಅಂದಿದ್ದನ್ನು ನೋಡಿಲ್ಲ.

ಹೊಸಬ_77 · 9:40

ನಾಳೆಯ ನ್ಯೂಕ್ಯಾಸಲ್ ಮ್ಯಾಚ್ ಫ್ರೀ ಲಿಂಕ್ ಇದ್ರೆ ಯಾರಾದ್ರೂ ಕಳಿಸಿ ಪ್ಲೀಸ್

ಕಾನೂನು_ಕಡತ · 9:43

ಮೇಲೆ ಬರೆದಿದ್ದನ್ನು ಓದಿದಿರಾ?

ಹೊಸಬ_77 · 9:44

ಇಲ್ಲ ಸರ್ ಉದ್ದ ಇತ್ತು

ಟೈನ್_ದಡದಿಂದ · 1:26

ನಾನು ಈ ನ್ಯೂಕ್ಯಾಸಲ್ ಊರಿನ ಆಸ್ಪತ್ರೆಯೊಂದರಲ್ಲಿ 2016ರಿಂದ ಕೆಲಸ ಮಾಡುತ್ತಿದ್ದೇನೆ. ಹೊರಗಿನಿಂದ ನೋಡಿದರೆ ಇಲ್ಲಿಯ ಜನ ಸೌದಿ ದುಡ್ಡಿಗೆ ಬಾಯಿ ಬಿಟ್ಟುಕೊಂಡು ಕೂತಿದ್ದರು ಅನ್ನಿಸುತ್ತದೆ. ಅದು ಅಷ್ಟು ಸುಲಭದ ಮಾತಲ್ಲ.

ಸೇಂಟ್ ಜೇಮ್ಸ್ ಪಾರ್ಕ್ ಕ್ರೀಡಾಂಗಣ ಊರಾಚೆ ಇಲ್ಲ, ನಡು ಊರಿನಲ್ಲಿದೆ. ಬೆಟ್ಟದ ಮೇಲಿನ ದೇವಸ್ಥಾನದ ತರ ಎಲ್ಲಿ ನಿಂತರೂ ಕಾಣುತ್ತದೆ. 52 ಸಾವಿರ ಜನ ಕೂರುತ್ತಾರೆ. ಒಂದು ಊರು, ಒಂದೇ ಕ್ಲಬ್. ಆಶ್ಲಿ ಕಾಲದಲ್ಲಿ ಅಲ್ಲಿ ಅವರ ಕ್ರೀಡಾ ಸಾಮಗ್ರಿ ಅಂಗಡಿಯ ಬೋರ್ಡುಗಳು. 2011ರಲ್ಲಿ ಕ್ರೀಡಾಂಗಣದ ಹೆಸರನ್ನೇ ಬದಲಾಯಿಸಿದ್ದರು. ತಂಡ ಎರಡು ಸಲ ಕೆಳಗಿನ ಡಿವಿಷನ್ನಿಗೆ ಇಳಿದಿತ್ತು. ನಮ್ಮ ವಾರ್ಡಿನಲ್ಲಿ ಕೆಲಸ ಮಾಡುವ ಒಬ್ಬ ಹಿರಿಯರು, ಅವರ ಅಪ್ಪ 1955ರ ಕಪ್ ನೋಡಿದವರು, "ನಮಗೆ ಯಾರು ಬಂದರೂ ಸರಿ, ಈ ಮನುಷ್ಯ ಹೋದರೆ ಸಾಕು" ಅನ್ನುತ್ತಿದ್ದರು. ಸೌದಿ ಮೇಲಿನ ಪ್ರೀತಿ ಅಲ್ಲ ಅದು.

2020ರ ಏಪ್ರಿಲ್‌ನಿಂದ ಜುಲೈವರೆಗೆ ಇಲ್ಲಿ ದಿನಾ ಒಂದೇ ಮಾತು, "ಇವತ್ತಾಗುತ್ತಾ?" ಲಾಕ್‌ಡೌನ್ ಬೇರೆ. ಪಿಪಿಇ ಬಿಚ್ಚಿ ಕೈ ತೊಳೆಯುತ್ತಾ ಫೋನ್ ನೋಡುವವರು. ವ್ಯಾಪಾರ ಸಂಸ್ಥೆಯ ತೀರ್ಪು ಬಂದ ದಿನ ನಮ್ಮ ಪೋರ್ಟರ್‌ಗಳು ನೂರಕ್ಕಿಂತ ಜಾಸ್ತಿ ಪುಟದ ಕಾನೂನು ವರದಿ ಓದುತ್ತಾ ಕೂತಿದ್ದರು. ಜುಲೈ 30ಕ್ಕೆ ಪಿಐಎಫ್ ಹಿಂದೆ ಸರಿಯಿತು. ಆ ಹಿರಿಯರು ಎರಡು ದಿನ ಮಾತಾಡಲಿಲ್ಲ.

ಗೋಲಿಲ್ಲದ_ಆಟ · 1:40

ಅಕ್ಕಾ, ಅವರ ನೋವು ಅರ್ಥ ಆಗುತ್ತೆ. ಆದರೆ ಊರಿನ ನೋವಿಗೆ ಮದ್ದು ಅಂತ ಯಾರ ದುಡ್ಡನ್ನಾದರೂ ತೆಗೆದುಕೊಳ್ಳಬಹುದಾ? ಖಶೋಗಿ ಜೊತೆ ಮದುವೆ ನಿಶ್ಚಯವಾಗಿದ್ದ ಹೆಣ್ಣುಮಗಳು ಈ ಮಾರಾಟ ಬೇಡ ಅಂತ ಬಹಿರಂಗವಾಗಿ ಕೇಳಿಕೊಂಡಿದ್ದರು.

ಟೈನ್_ದಡದಿಂದ · 1:58

ನನಗೂ ಉತ್ತರ ಗೊತ್ತಿಲ್ಲ. ಕಪ್ ಬಂದ ಮೇಲೆ ಊರ ಬೀದಿಯಲ್ಲಿ ನಾನೂ ಕುಣಿದೆ. ಅದನ್ನು ಮುಚ್ಚಿಡುವುದಿಲ್ಲ.

ಸಂಜೆ_ಕಾಫಿ · 2:15

ನನಗೆ ಒಂದು ಗಂಟು ಇನ್ನೂ ಬಿಚ್ಚಿಲ್ಲ. ಕೊಳ್ಳುವುದು ಹೂಡಿಕೆ ನಿಧಿ. ಕಳ್ಳತನಕ್ಕೆ ಕಣ್ಣು ಮುಚ್ಚಿದ್ದು ಸರ್ಕಾರ. ಎರಡೂ ಬೇರೆ ಅಂದರೆ ಮುಗಿಯಿತಲ್ಲ?

ಕಾನೂನು_ಕಡತ · 3:30

ಅಲ್ಲೇ ಇರುವುದು ಗುಟ್ಟು. ಕೊಳ್ಳುವವರೂ ಅದನ್ನೇ ಹೇಳಿದರು, ಪಿಐಎಫ್ ಬೇರೆ, ಸೌದಿ ಸರ್ಕಾರ ಬೇರೆ.

ಲೀಗ್ ಒಪ್ಪಲಿಲ್ಲ. ಜೂನ್‌ನಲ್ಲೇ, ಕ್ಲಬ್ ಯಾರ ಹಿಡಿತಕ್ಕೆ ಹೋಗುತ್ತದೆ ಅನ್ನುವುದರ ಬಗ್ಗೆ ಒಂದು ನಿರ್ಧಾರಕ್ಕೆ ಬಂದು ಅವರಿಗೆ ತಿಳಿಸಿತು. ಸೌದಿ ರಾಜ್ಯವೇ ಹಿಂದಿನಿಂದ ನಡೆಸುವುದಾದರೆ ಅದನ್ನೂ ನಿರ್ದೇಶಕ ಅಂತ ಕಾಗದದಲ್ಲಿ ತೋರಿಸಿ ಅಂತ. ತೋರಿಸಿದರೆ ಏನಾಗುತ್ತದೆ? ಪರೀಕ್ಷೆ ರಾಜ್ಯದ ಮೇಲೇ ನಡೆಯುತ್ತದೆ, ಕಳ್ಳ ಪ್ರಸಾರದ ಕಡತ ಮುಂದೆ ಬರುತ್ತದೆ. ತೋರಿಸದಿದ್ದರೆ ಒಪ್ಪಿಗೆ ಇಲ್ಲ. ಬೇಕಿದ್ದರೆ ಮಧ್ಯಸ್ಥಿಕೆಗೆ ಹೋಗೋಣ ಅಂತ ಲೀಗ್ ಅಂದಿತು. ಅವರು ಒಪ್ಪದೆ ಹೊರಟುಹೋದರು. ಹೌದು ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ, ಲೀಗ್ ಅಡ್ಡಗೋಡೆ ಮೇಲೆ ದೀಪ ಇಟ್ಟು ಕೂತಿತು.

ಆ ಜುಲೈನಲ್ಲೇ ಇನ್ನೊಂದು ತಮಾಷೆ. 14ನೇ ತಾರೀಕು ಸೌದಿಯ ಸ್ಪರ್ಧಾ ಪ್ರಾಧಿಕಾರ ಬಿಇನ್ ಪರವಾನಗಿಯನ್ನು ಖಾಯಂ ಆಗಿ ರದ್ದು ಮಾಡಿ, ಒಂದು ಕೋಟಿ ರಿಯಾಲ್ ದಂಡ ಹಾಕಿತು. ಇಂಗ್ಲೆಂಡಿನ ಕ್ಲಬ್ ಕೊಳ್ಳಲು ಹೊರಟ ದೇಶದಲ್ಲಿ ಆ ಕ್ಲಬ್ಬಿನ ಆಟವನ್ನು ಕಾನೂನುಬದ್ಧವಾಗಿ ನೋಡಲು ಒಂದು ಚಾನೆಲ್ ಇಲ್ಲದ ಹಾಗಾಯಿತು.

ಪಡುಬಿದ್ರಿ_ಗಾಳಿ · 3:48

ಬಾಕ್ಸ್ ಅಷ್ಟು ಹೊತ್ತಿಗೆ ಸತ್ತಿತ್ತು. 2019ರ ಆಗಸ್ಟ್‌ನಲ್ಲಿ ಒಂದು ದಿನ ಉಪಗ್ರಹದ ಚಾನೆಲ್ಲುಗಳು ಕಪ್ಪಾದವು. ಇಂಟರ್ನೆಟ್ ಕೊಟ್ಟರೆ ಒಳಗಿನ ಆ್ಯಪ್‌ಗಳು ನಡೆಯುತ್ತಿದ್ದವು, ಆದರೆ ನಮ್ಮ ಕ್ಯಾಂಪಿನ ವೈಫೈನಲ್ಲಿ ವಾಟ್ಸಾಪ್ ಫೋಟೋ ಇಳಿದರೇ ಹಬ್ಬ. ಮಾರಿದ ಅಂಗಡಿಯವನ ಹತ್ತಿರ ಹೋದೆವು. "ಅಪ್‌ಡೇಟ್ ಬರುತ್ತೆ, ಇನ್ಶಾ ಅಲ್ಲಾ" ಅಂದ. ಮುಂದಿನ ವಾರವೂ ಅದೇ. ಯಾರಿಗೆ ದೂರು ಕೊಡುವುದು? ಕದ್ದ ಮಾಲು ಕೆಟ್ಟಿತು ಅಂತ ಪೊಲೀಸರಿಗೆ ಹೇಳುವುದಾ?

ಗೋಲಿಲ್ಲದ_ಆಟ · 4:10

ಹಾಗಾದರೆ 2021ರ ಅಕ್ಟೋಬರ್‌ನಲ್ಲಿ ಅದೇ ಲೀಗ್ ಒಪ್ಪಿದ್ದು ಹೇಗೆ? ಸೌದಿಯವರು ಅಷ್ಟರಲ್ಲಿ ಸಾಧುಗಳಾದರಾ?

ಕಾನೂನು_ಕಡತ · 5:02

ಕತಾರ್ ಜೊತೆ ರಾಜಿಯಾಯಿತು, ಅಷ್ಟೇ. 2021ರ ಜನವರಿ 5ಕ್ಕೆ ಅಲ್-ಉಲಾದಲ್ಲಿ ಒಪ್ಪಂದವಾಗಿ ದಿಗ್ಬಂಧನ ಮುಗಿಯಿತು. ಆಮೇಲೆ ಒಂದೊಂದೇ ಕಲ್ಲು ಪಕ್ಕಕ್ಕೆ ಸರಿಯಿತು. ಇತ್ತ ಆಶ್ಲಿ ಲೀಗ್ ಮೇಲೆ ಕೇಸು ಹಾಕಿದ್ದರು, ಮಧ್ಯಸ್ಥಿಕೆಯ ವಿಚಾರಣೆ 2022ರ ಜನವರಿಗೆ ನಿಗದಿಯಾಗಿತ್ತು. ಅದರ ಅಗತ್ಯವೇ ಬೀಳಲಿಲ್ಲ. 2021ರ ಅಕ್ಟೋಬರ್ 6ರಂದು, ಸೌದಿ ಬಿಇನ್ ಮೇಲಿನ ನಿಷೇಧ ತೆಗೆಯುತ್ತದೆ ಅನ್ನುವ ಸುದ್ದಿ ಬಂತು. ಬಿಇನ್ ಹೂಡಿದ್ದ ನೂರು ಕೋಟಿ ಡಾಲರ್ ಪರಿಹಾರದ ದಾವೆಯನ್ನೂ ಮಾತುಕತೆಯಲ್ಲಿ ಮುಗಿಸುತ್ತಾರೆ ಅಂತ. ಮರುದಿನ, ಅಕ್ಟೋಬರ್ 7, ಕ್ಲಬ್ ಕೈ ಬದಲಾಯಿತು. ಒಂದು ದಿನದ ಅಂತರ!

ಲೀಗ್ ಹೇಳಿದ್ದು: ಸೌದಿ ರಾಜ್ಯ ಕ್ಲಬ್ಬನ್ನು ನಿಯಂತ್ರಿಸುವುದಿಲ್ಲ ಅಂತ ಕಾನೂನಿನಂತೆ ಬದ್ಧವಾದ ಭರವಸೆ ಸಿಕ್ಕಿದೆ. ಕಾಗದ ಸರಿಯಾಗಿದೆ. ಆದರೆ 2023ರಲ್ಲಿ ಅಮೆರಿಕದಲ್ಲಿ ಪಿಐಎಫ್ ದುಡ್ಡಿನ ಲಿವ್ ಗಾಲ್ಫ್ ಪಂದ್ಯಾವಳಿಯ ಕೇಸಿನಲ್ಲಿ ಪಿಐಎಫ್ ಪರ ವಕೀಲರು ಏನು ಬರೆದರು ಗೊತ್ತಾ? ಪಿಐಎಫ್ ಸೌದಿ ರಾಜ್ಯದ ಅಂಗ, ಅದರ ಗವರ್ನರ್ ಯಾಸಿರ್ ಅಲ್-ರುಮಯ್ಯಾನ್ ಹಾಲಿ ಮಂತ್ರಿ, ಹಾಗಾಗಿ ಅಮೆರಿಕದ ಕೋರ್ಟ್ ನಮ್ಮನ್ನು ಪ್ರಶ್ನಿಸುವಂತಿಲ್ಲ ಅಂತ. ಅದೇ ರುಮಯ್ಯಾನ್ ನ್ಯೂಕ್ಯಾಸಲ್ ಅಧ್ಯಕ್ಷರು. ಇಂಗ್ಲೆಂಡಿನಲ್ಲಿ "ನಾವು ಸರ್ಕಾರ ಅಲ್ಲ", ಕ್ಯಾಲಿಫೋರ್ನಿಯಾದಲ್ಲಿ "ನಾವೇ ಸರ್ಕಾರ". ನಮ್ಮ ಕೋರ್ಟಿನಲ್ಲಿ ಯಾರಾದರೂ ಹೀಗೆ ಎರಡು ಅಫಿಡವಿಟ್ ಹಾಕಿದ್ದರೆ ಜಡ್ಜ್ ಕನ್ನಡಕ ತೆಗೆದು ನೋಡುತ್ತಿದ್ದರು.

ಸಂಜೆ_ಕಾಫಿ · 5:20

ಹಾಗಾದರೆ ಮಾನವ ಹಕ್ಕಿನ ವಿಷಯ ಪರೀಕ್ಷೆಯಲ್ಲಿ ಬರಲೇ ಇಲ್ವಾ?

ಕಾನೂನು_ಕಡತ · 5:26

ಆಗ ಆ ನಿಯಮದಲ್ಲಿ ಅಂಥ ಸಾಲೇ ಇರಲಿಲ್ಲ. ಮಾನವ ಹಕ್ಕು ಉಲ್ಲಂಘನೆ ಅನರ್ಹತೆಗೆ ಕಾರಣ ಅಂತ ಸೇರಿಸಿದ್ದು 2023ರ ಮಾರ್ಚ್‌ನಲ್ಲಿ. ಮಾರಾಟ ಮುಗಿದು ಒಂದೂವರೆ ವರ್ಷ ಆದಮೇಲೆ. ಹಾಗಾಗಿ ಕೊಲೆಯ ಬಗ್ಗೆ ಪತ್ರಿಕೆಗಳಲ್ಲಿ ಎಷ್ಟೇ ಬರೆದರೂ ಕಡತದಲ್ಲಿ ಕಾಲು ಕೆರೆದು ನಿಂತಿದ್ದು ಪ್ರಸಾರದ ಹಕ್ಕು. ನನಗೆ ಇದು ಸರಿ ಅನ್ನಿಸುವುದಿಲ್ಲ. ಆದರೆ ನಡೆದದ್ದು ಹಾಗೆ.

ಟೈನ್_ದಡದಿಂದ · 6:45

ಆ 7ನೇ ತಾರೀಕು ಸಂಜೆ ಡ್ಯೂಟಿ ಮುಗಿಸಿ ನಡೆದುಕೊಂಡು ಹೋದೆ. ಕ್ರೀಡಾಂಗಣದ ಮುಂದೆ ಕಾಲಿಡಲು ಜಾಗ ಇಲ್ಲ. ಹೊಗೆ, ಹಾಡು, ಬಿಯರ್. ತಲೆಗೆ ಪಾತ್ರೆ ಒರೆಸುವ ಬಟ್ಟೆ ಸುತ್ತಿಕೊಂಡು ಶೇಖ್ ವೇಷ ಹಾಕಿದ ಹುಡುಗರು. ಹತ್ತು ದಿನ ಆದಮೇಲೆ ಟಾಟನಮ್ ಜೊತೆ ಮೊದಲ ಆಟ, 3-2ಕ್ಕೆ ಸೋಲು. ಆ ವೇಷ ಬೇಡ ಅಂತ ಆಮೇಲೆ ಕ್ಲಬ್ಬಿನವರೇ ಕೇಳಿಕೊಳ್ಳಬೇಕಾಯಿತು, ಮತ್ತೆ ಮೂರು ದಿನಕ್ಕೆ ನಿಮ್ಮಿಷ್ಟ ಅಂದರು. ಆ ಸಂಜೆ ನನ್ನ ಪಕ್ಕ ನಿಂತಿದ್ದ ಸಿರಿಯಾ ಮೂಲದ ಟ್ಯಾಕ್ಸಿ ಚಾಲಕ ಆ ಹುಡುಗರನ್ನು ನೋಡುತ್ತಾ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅದನ್ನು ಹಾಗೆ ಸುತ್ತುವುದಿಲ್ಲ" ಅಂದ.

ಸಂಜೆ_ಕಾಫಿ · ಸೋಮವಾರ ಬೆಳಿಗ್ಗೆ 11:08

ಪಕ್ಕದ ಸೀಟಿನವನಿಗೆ ಇದೆಲ್ಲಾ ಓದಲು ಕೊಟ್ಟೆ. ಕಾಫಿ ಕುಡಿದ. ಗಾಲ್ಫ್ ಕೇಸಿನ ಭಾಗ ಬಂದಾಗ ಮಾತ್ರ "ಅದು ಬೇರೆ ವಿಷಯ ಗುರು" ಅಂದ. ಪಡುಬಿದ್ರಿಯವರಿಗೆ ಅವನದೊಂದು ಪ್ರಶ್ನೆ: ಆ ಬಾಕ್ಸ್ ಈಗ ಎಲ್ಲಿದೆ?

ಪಡುಬಿದ್ರಿ_ಗಾಳಿ · 1:33

ರಿಮೋಟಿನ ಬ್ಯಾಟರಿ ತೆಗೆದು ಎಸಿ ರಿಮೋಟಿಗೆ ಹಾಕಿಕೊಂಡೆವು. ಬಾಕ್ಸನ್ನು ಮಲಪ್ಪುರಂನವ ಕಿಟಕಿಯ ಸಂದಿಗೆ ಒತ್ತಿ ಇಟ್ಟ, ಮರಳು ಗಾಳಿ ಒಳಗೆ ಬರದ ಹಾಗೆ. ನಾನು ಊರಿಗೆ ಹೊರಡುವ ದಿನವೂ ಅಲ್ಲೇ ಇತ್ತು.